ಟಿಂಬರ್ ಫ್ರೇಮ್: ಕಪ್ಪು ಪಟ್ಟಿಯೆಲ್ಲ ಟ್ಯೂಡರ್ ಅಲ್ಲ

ಬಿಳಿ ಗೋಡೆಯ ಮೇಲೆ ನಾಲ್ಕು ಕಪ್ಪು ಪಟ್ಟಿ ಕಂಡರೆ ಸಾಕು, ಇಂಗ್ಲೆಂಡ್ ಪ್ರವಾಸದ ಫೋಟೊದಿಂದ ರೆಸಾರ್ಟಿನ ಜಾಹೀರಾತಿನವರೆಗೆ ಎಲ್ಲವೂ ‘ಟ್ಯೂಡರ್ ಮನೆ’. ಟ್ಯೂಡರ್ ಒಂದು ರಾಜವಂಶ. ಆಳಿದ್ದು 1485ರಿಂದ 1603ರವರೆಗೆ. ಟಿಂಬರ್ ಫ್ರೇಮ್ ಎಂದರೆ ಮರದ ತೊಲೆಗಳ ಚೌಕಟ್ಟು ನಿಲ್ಲಿಸಿ ಮನೆ ಕಟ್ಟುವ ಒಂದು ಕ್ರಮ; ಆ ಪಟ್ಟಿಗಳು ಅದರ ತೊಲೆಗಳು. ಅದು ಆ ವಂಶಕ್ಕಿಂತ ಮೊದಲೂ ಇತ್ತು, ಆಮೇಲೂ ಉಳಿಯಿತು.

ಕೆಂಟ್ ಸೀಮೆಯ ಚಿಡ್ಡಿಂಗ್‌ಸ್ಟೋನ್ ಬಳಿಯಿದ್ದ ಬೇಲೀಫ್ ಎಂಬ ರೈತರ ಮನೆಯನ್ನೇ ನೋಡಿ. ನಾಲ್ಕು ಅಂಕಣದ ಮನೆ. ಹೆಚ್ಚಿನ ಭಾಗ 15ನೇ ಶತಮಾನದ ಮೊದಲ ದಶಕಗಳದು, ಅಂದರೆ ಟ್ಯೂಡರರು ಪಟ್ಟಕ್ಕೆ ಬರುವ ಎಷ್ಟೋ ಮುಂಚಿನದು. 16ನೇ ಶತಮಾನದ ಆರಂಭದಲ್ಲಿ ಸೇರಿದ್ದು ಒಂದು ತುದಿಯ ಅಂಕಣ ಮಾತ್ರ. ಜಲಾಶಯಕ್ಕೆ ಜಾಗ ಬೇಕಾದಾಗ ಮನೆಯನ್ನು ಬಿಚ್ಚಿ, ಸಸೆಕ್ಸಿನ ಸಿಂಗಲ್ಟನ್‌ನಲ್ಲಿರುವ ಬಯಲು ಮ್ಯೂಸಿಯಮ್ಮಿನಲ್ಲಿ ಮರಳಿ ನಿಲ್ಲಿಸಿದರು. ಹೀಗೆ ಬಿಚ್ಚಿ ಜೋಡಿಸಲು ಬಂದದ್ದೇ ಅದು ಫ್ರೇಮ್ ಆದ್ದರಿಂದ. ಒಂದು ತೊಲೆಯ ನಾಲಿಗೆ ಇನ್ನೊಂದರ ಗೂಡಿನಲ್ಲಿ ಕೂರುತ್ತದೆ, ಅಡ್ಡಲಾಗಿ ಓಕ್ ಮರದ ಗೂಟ ಬೀಳುತ್ತದೆ. ಮಾಡಿನ ಭಾರ ಹೊರುವುದು ಆ ಚೌಕಟ್ಟೇ, ಗೋಡೆಯಲ್ಲ. ಗೋಡೆ ಎಂದರೆ ನಡುವಿನ ಕಿಂಡಿಗೆ ಕಡ್ಡಿ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು, ಅಷ್ಟೆ.

ಅದಕ್ಕೇ ಟಿಂಬರ್ ಫ್ರೇಮ್ ಮನೆಗೆ ‘ಮರದ ಮನೆ’ ಎಂಬ ಅನುವಾದ ಕಂಡರೆ ನನಗೆ ತಡೆಯದು. ಹಳೆಯ ಇಂಗ್ಲಿಷಿನಲ್ಲಿ ‘ಟಿಂಬರ್’ ಎಂದರೆ ಕಟ್ಟಡ. ಕಟ್ಟಡಕ್ಕೆ ಬೇಕಾದ ಸಾಮಗ್ರಿ, ಅದರಲ್ಲೂ ಮರ, ಎಂಬ ಅರ್ಥ ಆಮೇಲೆ ಬಂತು. ಅದೇ ಬೇರಿನ ಜರ್ಮನ್ ಪದ ‘ತ್ಸಿಮ್ಮರ್’ಗೆ ಇವತ್ತಿನ ಅರ್ಥ ಕೋಣೆ. ‘ತ್ಸಿಮ್ಮರ್‌ಮಾನ್’ ಎಂದರೆ ಬಡಗಿ. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ‘ದೋಮುಸ್’, ವೇದದ ‘ದಮ’ ಸಿಗುತ್ತವೆ. ಎರಡೂ ಮನೆಯೇ. ನಮ್ಮ ಲಗ್ನಪತ್ರಿಕೆಯ ‘ದಂಪತಿ’ ಕೂಡ ಈ ಬಳಗದ್ದು. ಋಗ್ವೇದದಲ್ಲಿ ಏಕವಚನದ ‘ದಂಪತಿ’ ಮನೆಯೊಡೆಯ. ಮಧ್ಯಯುಗದ ಇಂಗ್ಲಿಷರಿಗೆ ‘ಟಿಂಬರ್’ ಬೇರೆ, ‘ವುಡ್’ ಬೇರೆ. ತೊಲೆ ಕಂಬಕ್ಕಾಗುವ ದಪ್ಪ ಮರ ಟಿಂಬರ್. ಉರುವಲು, ಬೇಲಿ, ಹೆಣಿಗೆಗೆ ಹೋಗುವ ಸಣ್ಣ ಕೊಂಬೆಗಳು ವುಡ್. ಒಂದೇ ಗೋಡೆಯಲ್ಲಿ ಎರಡೂ ಇರುತ್ತಿದ್ದವು.

ಇನ್ನು ಆ ಕಪ್ಪು ಬಣ್ಣ. ಆಗ್ನೇಯ ಇಂಗ್ಲೆಂಡಿನಲ್ಲಿ ಓಕ್ ತೊಲೆಗಳನ್ನು ಹಾಗೇ ಬಿಡುತ್ತಿದ್ದರು, ಬಿಸಿಲು ಮಳೆಗೆ ಅವು ಬೂದುಬೆಳ್ಳಿಯಾಗುತ್ತಿದ್ದವು. ಇಲ್ಲವೇ ಗೋಡೆಯ ಜೊತೆಗೇ ಸುಣ್ಣ ಬಳಿಯುತ್ತಿದ್ದರು. ಟಾರು ಬಳಿದು ಕರಿ ಮಾಡುವ ಚಟ ಹಬ್ಬಿದ್ದು ಬಹುಮಟ್ಟಿಗೆ 19ನೇ ಶತಮಾನದಲ್ಲಿ. ನಿಜವಾದ ಕಪ್ಪು ಬೇಕಿದ್ದರೆ ಅಟ್ಟ ಹತ್ತಬೇಕು. ಮನೆಯ ನಡುವಿನ ‘ಹಾಲ್’ಗೆ ಮಹಡಿಯಿರಲಿಲ್ಲ, ಚಿಮಣಿಯೂ ಇರಲಿಲ್ಲ. ನೆಲದ ಮೇಲೇ ಬೆಂಕಿ, ಹೊಗೆ ಮಾಡಿನ ಸಂದಿಯಿಂದ ಹೊರಗೆ. ಮುಂದೆ ಚಿಮಣಿ ಕಟ್ಟಿ ಮಹಡಿ ಹಾಕಿಸಿದ ಮನೆಗಳಲ್ಲೂ ಮೇಲಿನ ಜಂತೆಗಳಿಗೆ ಹಿಡಿದ ಆ ಮಸಿ ಹೋಗಿಲ್ಲ. ಮನೆಯ ವಯಸ್ಸು ಕೇಳಿದವರಿಗೆ ತಿಳಿದವರು ತೋರಿಸುವುದು ಆ ಮಸಿಯನ್ನು, ಮುಂಭಾಗದ ಪಟ್ಟಿಗಳನ್ನಲ್ಲ. 1920–30ರ ದಶಕಗಳ ಲಂಡನ್ ಬಡಾವಣೆಗಳಲ್ಲಿ ಇಟ್ಟಿಗೆ ಗೋಡೆಗೇ ಹಲಗೆ ಹೊಡೆದು ಅಂಥ ಪಟ್ಟಿ ಮಾಡಿದ್ದಾರೆ. ಹಲಗೆ ಕಿತ್ತರೂ ಆ ಮನೆ ನಿಲ್ಲುತ್ತದೆ.

ಬೆಂಗಳೂರು ಅರಮನೆಯನ್ನು ‘ಟ್ಯೂಡರ್ ಶೈಲಿ’ ಎನ್ನುವುದಕ್ಕೆ ನನ್ನ ತಕರಾರಿಲ್ಲ. ಅದರ ಬುರುಜು, ತೆನೆಗಳ ಮಾದರಿ ಇಂಗ್ಲೆಂಡಿನ ಅರಮನೆ ಕೋಟೆಗಳದು, ರೈತರ ಮನೆಯದಲ್ಲ.

ಕೊನೆಗೆ ಹಡಗಿನ ಕತೆ. ಹಳೆಯ ತೊಲೆಯಲ್ಲಿ ಖಾಲಿ ಗೂಡು ಕಂಡೊಡನೆ ‘ಒಡೆದ ಹಡಗಿನ ಮರ’ ಎನ್ನುವ ಗೈಡುಗಳಿದ್ದಾರೆ. ಸಮುದ್ರದಿಂದ ಎಷ್ಟೋ ದೂರದ ಹಳ್ಳಿಗಳಲ್ಲೂ ಇದೇ ಮಾತು! ಸಾಮಾನ್ಯವಾಗಿ ಆ ಗೂಡಿನಲ್ಲಿದ್ದದ್ದು ಅದೇ ಮನೆಯಿಂದ ಯಾವಾಗಲೋ ಕಿತ್ತ ಅಡ್ಡಗೋಡೆಯ ಕಂಬ, ಇಲ್ಲವೇ ತೊಲೆಯೇ ಇನ್ನೊಂದು ಹಳೆಯ ಮನೆಯಿಂದ ಬಂದದ್ದು.