ಸೋರ್ಸ್ ಕೋಡ್ ಯಾರಿಗೆ ಸಲ್ಲಬೇಕು?

ಸ್ವತಂತ್ರ ತಂತ್ರಾಂಶ (ಫ್ರೀ ಸಾಫ್ಟ್‌ವೇರ್) ಎಂದರೆ ಪುಕ್ಕಟೆ ತಂತ್ರಾಂಶ ಎಂದು ಭಾವಿಸುವವರೇ ಹೆಚ್ಚು. ಆದರೆ ಈ ಚಳವಳಿಯನ್ನು ಆರಂಭಿಸಿದ, ಗ್ನೂ ಯೋಜನೆಯ ರಿಚರ್ಡ್ ಸ್ಟಾಲ್ಮನ್ ಅವರೇ 1985ರ ಸುಮಾರಿಗೆ ತಮ್ಮ ಈಮ್ಯಾಕ್ಸ್ ಎಡಿಟರನ್ನು ಟೇಪಿಗೆ ತುಂಬಿ 150 ಡಾಲರಿಗೆ ಮಾರುತ್ತಿದ್ದರು. ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್ಲಿಗೆ ಅನ್ವಯಿಸುವ, 1991ರ ಜಿಪಿಎಲ್ ಪರವಾನಗಿಯ ಎರಡನೇ ಆವೃತ್ತಿಯು ಪ್ರತಿ ಒದಗಿಸುವುದಕ್ಕೂ ಖಾತರಿ ನೀಡುವುದಕ್ಕೂ ಹಣ ಪಡೆಯಲು ಅವಕಾಶ ಕೊಡುತ್ತದೆ. ಅದು ಪಟ್ಟು ಹಿಡಿಯುವುದು ಬೇರೆಡೆ: ತಂತ್ರಾಂಶ ಪಡೆದವರಿಗೆ ಅದರ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರು ಬರೆದ ಮೂಲ ಪಠ್ಯ, ಸಿಗಬೇಕು, ಅದನ್ನು ತಿದ್ದಿ ಹಂಚುವ ಅವರ ಹಕ್ಕಿಗೆ ಹೊಸ ನಿರ್ಬಂಧ ಹೇರಬಾರದು. ಸೋರ್ಸನ್ನು ಜೊತೆಗೇ ಕೊಟ್ಟುಬಿಟ್ಟರೆ, ಊರಿಗೆಲ್ಲ ಹಂಚುವ ಹೊಣೆ ಮಾರಿದವರ ಮೇಲೆ ಇರುವುದಿಲ್ಲ.

ಹಾಗಾದರೆ ರೆಡ್ ಹ್ಯಾಟ್ ಕಂಪನಿಯು ಚಂದಾದಾರಿಕೆಯ ಮೇಲೆ ಕೊಡುವ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸಿನ ಗ್ರಾಹಕರು ಹಣ ತೆರುವುದು ಯಾತಕ್ಕೆ? 2022ರಲ್ಲಿ ಬಂದ ಅದರ 9ನೇ ಆವೃತ್ತಿಯಲ್ಲಿ 'ಯುನೇಮ್ -ಆರ್' ಎಂಬ ಆದೇಶವನ್ನು ಟೈಪಿಸಿದರೆ 5.14.0 ಎಂಬ ಕರ್ನಲ್ ಸಂಖ್ಯೆ ಕಾಣುತ್ತದೆ. ವರ್ಷಗಳು ಕಳೆದರೂ ಆ ಸಂಖ್ಯೆ ಬದಲಾಗದು, ಅಡ್ಡಗೆರೆಯ ಆಚೆಗಿನ ಅಂಕಿಗಳು ಮಾತ್ರ ಬೆಳೆಯುತ್ತವೆ. ಹೊಸ ಕರ್ನಲ್ಲುಗಳಲ್ಲಿ ಆದ ಭದ್ರತಾ ತಿದ್ದುಪಡಿಗಳನ್ನು ಬಿಡಿಸಿ ತಂದು ಹಳೆಯದಕ್ಕೆ ಹೊಂದಿಸುವ ಈ ಬ್ಯಾಕ್‌ಪೋರ್ಟ್ ಕೆಲಸದಿಂದಾಗಿ, ಬ್ಯಾಂಕಿನ ಡೇಟಾಬೇಸ್ ಹತ್ತು ವರ್ಷ ಅಲುಗಾಡದೆ ನಡೆಯಬಹುದು. ಹವ್ಯಾಸಕ್ಕಾಗಿ ಯಾರೂ ಇಷ್ಟು ಕಾಲ ಮಾಡದ ಚಾಕರಿ ಇದು. ಅದಕ್ಕೆ ಬೆಲೆ ಕೇಳುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ತಕರಾರು ಹುಟ್ಟಿದ್ದು ತದ್ರೂಪುಗಳಿಂದ. ರೆಡ್ ಹ್ಯಾಟಿನ ಹೆಸರು, ಲಾಂಛನ ಟ್ರೇಡ್‌ಮಾರ್ಕಿಗೆ ಒಳಪಟ್ಟಿರುವುದರಿಂದ, ಅವನ್ನು ತೆಗೆದು ಉಳಿದ ಸೋರ್ಸನ್ನು ಮತ್ತೆ ಕಂಪೈಲ್ ಮಾಡಿ (ಯಂತ್ರ ಓಡಿಸಬಲ್ಲ ರೂಪಕ್ಕೆ ತಂದು) 2004ರಿಂದ ಸೆಂಟ್‌ಓಎಸ್ ಎಂಬ ಯೋಜನೆ ಪುಕ್ಕಟೆ ಹಂಚುತ್ತಿತ್ತು. 2014ರಲ್ಲಿ ಅದು ರೆಡ್ ಹ್ಯಾಟಿನ ಆಶ್ರಯಕ್ಕೆ ಬಂದಿತು. ಅದರ 8ನೇ ಆವೃತ್ತಿಯನ್ನು 2021ರ ಕೊನೆಗೆ ನಿಲ್ಲಿಸಿದಾಗ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಆ ಜಾಗ ತುಂಬಿದವು. 2023ರ ಜೂನ್‌ನಲ್ಲಿ ರೆಡ್ ಹ್ಯಾಟ್, ಸಾರ್ವಜನಿಕರಿಗೆ ಇನ್ನು ಎಂಟರ್‌ಪ್ರೈಸಿನ ಮುಂದಿನ ಬಿಡುಗಡೆಗಳಿಗೆ ಮುಂಚೂಣಿಯಾದ ಸೆಂಟ್‌ಓಎಸ್ ಸ್ಟ್ರೀಮಿನ ಸೋರ್ಸ್ ಮಾತ್ರ, ಎಂಟರ್‌ಪ್ರೈಸ್ ಆವೃತ್ತಿಯ ಸೋರ್ಸ್ ಗ್ರಾಹಕರಿಗೆ ಮಾತ್ರ ಎಂದಿತು.

ಗ್ರಾಹಕರೇ ಹಂಚಿದರೆ? ಜಿಪಿಎಲ್ ಅದನ್ನು ತಡೆಯಗೊಡದು. ಆದರೆ ಹಾಗೆ ಹಂಚಿದವರ ಚಂದಾದಾರಿಕೆಯನ್ನು ಕೊನೆಗೊಳಿಸಲು ಕಂಪನಿಯ ಒಪ್ಪಂದ ಅವಕಾಶ ಇಟ್ಟುಕೊಂಡಿದೆ: ಕೈಯಲ್ಲಿರುವ ಪ್ರತಿ ನಿಮ್ಮದೇ, ಮುಂದಿನ ಅಪ್‌ಡೇಟ್ ಮಾತ್ರ ಬಾರದು. ಇದೇ ಒಂದು ನಿರ್ಬಂಧವಲ್ಲವೇ ಎಂಬುದು ಟೀಕಾಕಾರರ ಪ್ರಶ್ನೆ. ಪರವಾನಗಿಯ ಅಕ್ಷರಕ್ಕೆ ಧಕ್ಕೆಯಾಗಿಲ್ಲದಿರಬಹುದು, ಆಶಯಕ್ಕಂತೂ ಪೆಟ್ಟು ಬಿದ್ದಿದೆ ಎಂದೇ ನನ್ನ ಅನಿಸಿಕೆ. ಅದೇ ವರ್ಷದ ಜುಲೈನಲ್ಲಿ ಆಲ್ಮಾ ಪಡಿಯಚ್ಚಾಗುವ ಹಟವನ್ನೇ ಬಿಟ್ಟಿತು. ಎಂಟರ್‌ಪ್ರೈಸ್ ಆವೃತ್ತಿಗಾಗಿ ಬರೆದ ಪ್ರೋಗ್ರಾಮುಗಳು ತನ್ನಲ್ಲೂ ಓಡಿದರೆ ಸಾಕೆಂದು ನಿರ್ಧರಿಸಿ, ದೋಷಗಳನ್ನು ರೆಡ್ ಹ್ಯಾಟಿಗೆ ಕಾಯದೆ ತಾನೇ ತಿದ್ದಿಕೊಳ್ಳತೊಡಗಿತು.