ಬೆಣ್ಣೆ ಚಾವಡಿಯ ದನ, ಕಾವಲಿನ ಹುಲ್ಲು

ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆ ದನಗಳ ಜಾತ್ರೆಗೆ ಹೋದರೆ ಒಂದು ಮಜಾ ನೋಡಬಹುದು. ಇಬ್ಬರು ಕೈ ಹಿಡಿದುಕೊಂಡು ನಿಂತಿರುತ್ತಾರೆ. ಕೈ ಮೇಲೊಂದು ಟವೆಲ್. ಬಾಯಲ್ಲಿ ಮಾತಿಲ್ಲ. ಟವೆಲ್ ಕೆಳಗೆ ಬೆರಳು ಒತ್ತಿಯೇ ಎತ್ತಿನ ರೇಟು ಏರುತ್ತದೆ, ಇಳಿಯುತ್ತದೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ.

ಅದಕ್ಕೂ ಮುಂಚೆ ನಡೆಯುವುದು ಇನ್ನೂ ಚೆನ್ನಾಗಿರುತ್ತದೆ. ಕೊಳ್ಳುವವನು ಎತ್ತಿನ ಬಾಯಿ ಬಿಡಿಸಿ ವಯಸ್ಸು ತಿಳಿಯಲು ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಹಲ್ಲೆಲ್ಲ ಬಂದು ಬಾಯಿ ಕೂಡಿದೆಯೋ ಅಂತ. ಮೈಮೇಲಿನ ಸುಳಿ ಹುಡುಕುತ್ತಾನೆ. ಗೊರಸು ನೋಡುತ್ತಾನೆ. ಆಮೇಲೆ ‘ಒಂದ್ಸಾರಿ ನಡೆಸಣ್ಣ’ ಅನ್ನುತ್ತಾನೆ. ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯೊಂದು ನಡೆದು ಹೋಗಿ ತಿರುಗಿ ಬರುವುದನ್ನು ಒಮ್ಮೆ ನಾನೂ ನಿಂತು ನೋಡಿದ್ದೆ. ನನಗೆ ಎರಡೂ ಒಂದೇ ಥರ ಕಂಡವು. ಪಕ್ಕದಲ್ಲಿದ್ದ ಹಿರಿಯರು ಮಾತ್ರ ‘ಎಡಗಡೇದು ಹಿಂಗಾಲು ಎಳೀತದೆ, ಬುಡಿ’ ಅಂದು ಮುಂದಕ್ಕೆ ಹೋದರು.

ದೇಸಿ ತಳಿ ಅಂತ ನಾವು ಕರೆಯುವುದು ತಯಾರಾಗಿದ್ದು ಹೀಗೆ. ಯಾರು ಯಾವುದನ್ನು ಬೇಡ ಅಂದರು, ಯಾವುದರ ಬೀಜ ಒಡೆಸಿ ಎತ್ತು ಮಾಡಿದರು, ಯಾವ ಹೋರಿಯನ್ನು ಊರಿಗೆ ಅಂತ ಬಿಟ್ಟರು ಎಂಬುದರ ಮೇಲೆ ತಲೆಮಾರುಗಟ್ಟಲೆ ನಡೆದ ಕೆಲಸ ಅದು. ಸುಳಿಯಂಥ ನಂಬಿಕೆಯಿಂದ ಒಳ್ಳೆ ಎತ್ತುಗಳೂ ತಿರಸ್ಕಾರ ಕಂಡಿರಬಹುದು, ಅದು ಬೇರೆ ಮಾತು. ಆದರೆ ನಡಿಗೆ, ಗೊರಸು, ತಾಳಿಕೆ ನೋಡಿ ಆರಿಸಿದ್ದು ಸುಮ್ನೆ ಅಲ್ಲ.

ಈ ಆರಿಸುವ ಕೆಲಸಕ್ಕೆ ಒಂದು ಇಲಾಖೆಯನ್ನೇ ಕಟ್ಟಿದ ಊರು ನಮ್ಮದು. ಮೈಸೂರಿನ ಅರಮನೆಗೆ ವಿಜಯನಗರದ ಪ್ರತಿನಿಧಿಗಳು ಬಿಟ್ಟುಹೋದ ಹಳ್ಳಿಕಾರ್ ಮೂಲದ ದನ ಬಂದಿತ್ತು. ಚಿಕ್ಕದೇವರಾಜ ಒಡೆಯರ್ (1673–1704) ಅದನ್ನು ಒಂದು ವ್ಯವಸ್ಥೆಗೆ ತಂದರು. ಅರಮನೆಗೆ ಹಾಲು ಬೆಣ್ಣೆ ಕೊಡಬೇಕಲ್ಲ, ಅದಕ್ಕೇ ಹೆಸರು ‘ಬೆಣ್ಣೆ ಚಾವಡಿ’. ದನ ಮೇಯಲು ರಾಜ್ಯದ ಬೇರೆ ಬೇರೆ ಕಡೆ ‘ಕಾವಲು’ ಎಂಬ ಹುಲ್ಲುಗಾವಲುಗಳನ್ನು ಬಿಟ್ಟುಕೊಟ್ಟರು.

ಹೈದರಾಲಿಗೆ ಬೇಕಿದ್ದದ್ದು ಬೆಣ್ಣೆಯಲ್ಲ. ತೋಪು, ಅಂದರೆ ಫಿರಂಗಿ ಎಳೆಯುವ ಎತ್ತು. ಪಾಳೇಗಾರರನ್ನು ಸೋಲಿಸಿದಾಗೆಲ್ಲ ಅವರ ದನವನ್ನೂ ಸೇರಿಸಿಕೊಂಡ. ಚಿದಂಬರಕ್ಕೆ ನೆರವಾಗಲು ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ ಅಂತ ದಾಖಲೆಗಳು ಹೇಳುತ್ತವೆ. ಹಿಂದೆ ತೋಪಿನ ಗಾಡಿ ಇಲ್ಲದೆ ದಂಡು ಹೋಗಿ ಮಾಡುವುದೇನು? ಅಂದರೆ ಎತ್ತೂ ಅಷ್ಟೇ ನಡೆದಿದೆ. ಟಿಪ್ಪು ಈ ಇಲಾಖೆಗೆ ‘ಅಮೃತ ಮಹಲ್’ ಅಂತ ಹೆಸರಿಟ್ಟ. ದನ ಹೇಗೆ ಸಾಕಬೇಕು, ಹೇಗೆ ಎಣಿಸಬೇಕು ಅಂತ ಒಂದು ಹುಕುಂನಾಮೆಯನ್ನೂ ಹೊರಡಿಸಿದ. ಹೆಸರಿನಲ್ಲಿ ಅಮೃತ ಇದ್ದರೂ ಹಸು ಕೊಡುವ ಹಾಲು ಕರುವಿಗೆ ಸಾಕಾದರೆ ಹೆಚ್ಚು.

ಕಾವಲುಗಳ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಕತೆಯ ಜೀವ ಇರುವುದು ಅಲ್ಲೇ. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಕೆರೆ ಅಂಗಳದ ಹಸಿರು, ಮರದ ನೆರಳು ಇರುವ ಜಾಗ ಬೇಸಿಗೆಗೆ. ಮಳೆ ಬಿದ್ದು ಬಯಲಲ್ಲಿ ಹುಲ್ಲು ಚಿಗುರಿದ ಮೇಲೆ ಮಂದೆ ಅತ್ತ ಹೊರಡುತ್ತಿತ್ತು. ಹಟ್ಟಿ ಇಲ್ಲ, ಹಿಂಡಿ ಇಲ್ಲ. ಬಿಸಿಲು, ಮಳೆ, ಚಿರತೆ, ಬರ ಎಲ್ಲಕ್ಕೂ ಮೈಯೊಡ್ಡಿ ಬದುಕಬೇಕು. ಬದುಕಿದ್ದು ಮಾತ್ರ ಮುಂದಿನ ಕರು ಹಾಕಬೇಕು. ಹೋರಿಗಳಲ್ಲಿ ಅತ್ಯುತ್ತಮವಾದವನ್ನು ಬೀಜಕ್ಕೆ ಉಳಿಸಿ, ಮಿಕ್ಕವನ್ನು ಎತ್ತು ಮಾಡಿ ದಂಡಿಗೆ ಕಳಿಸುತ್ತಿದ್ದರು. ಒಂದು ಕಡೆ ಪ್ರಕೃತಿ ಸೋಸಿತು, ಇನ್ನೊಂದು ಕಡೆ ಮನುಷ್ಯ. ಹಾಗೆ ಉಳಿದ ದನದ ರೂಪ ನೋಡಿ: ಉದ್ದ ಕಿರಿದಾದ ಮುಖ, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ತುದಿ ಚೂಪಾದ ಕೊಂಬು, ಬಿಗಿಯಾದ ಮೈ, ಗಟ್ಟಿ ಗೊರಸು, ಸಣ್ಣ ಕೆಚ್ಚಲು. ಜೊತೆಗೆ ಸಿಡುಕು. ಅಪರಿಚಿತರು ಹತ್ತಿರ ಹೋದರೆ ಕೊಂಬು ಎತ್ತುತ್ತದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನ ಇಂಗ್ಲಿಷರ ಕೈಗೆ ಬಂತು. ಮುಂದೆ ವೆಲಿಂಗ್ಟನ್ ಅಂತ ಹೆಸರಾದ ಆರ್ಥರ್ ವೆಲ್ಲೆಸ್ಲಿಯ ದಂಡಿಗೂ ಈ ಎತ್ತುಗಳು ದುಡಿದವು. ನಡುವೆ ಸರಿಯಾಗಿ ನೋಡಿಕೊಳ್ಳುವವರಿಲ್ಲದೆ ಮಂದೆ ಸೊರಗಿತು. 1813ರಲ್ಲಿ ಮದ್ರಾಸಿನ ಸೇನಾ ಇಲಾಖೆ ತಾನೇ ವಹಿಸಿಕೊಂಡು ಸುಧಾರಿಸಿತು. 1860ರಲ್ಲಿ ಖರ್ಚು ಉಳಿಸಬೇಕು ಅಂತ ಇಲಾಖೆಯನ್ನೇ ಮುಚ್ಚಿ ದನ ಮಾರಿಬಿಟ್ಟರು. ತಪ್ಪು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಮಾರಿದ ದನ ಅಷ್ಟರಲ್ಲಿ ಎಲ್ಲೆಲ್ಲೋ ಚದುರಿ ಹೋಗಿತ್ತು. ಇನ್ನೂರು ವರ್ಷ ಆರಿಸಿದ್ದನ್ನು ಒಂದು ಸಹಿಯಲ್ಲಿ ಚೆಲ್ಲಬಹುದು, ವಾಪಸ್ ತುಂಬಿಕೊಳ್ಳುವುದು ಅಷ್ಟು ಸಲೀಸಲ್ಲ. 1882ರಲ್ಲಿ ಮಂದೆ ಮೈಸೂರು ಸರ್ಕಾರಕ್ಕೆ ಮರಳಿತು. 1923ರಲ್ಲಿ ಮೈಸೂರಿನ ಸೇನಾ ಇಲಾಖೆಯಿಂದ ಕೃಷಿ ಇಲಾಖೆಗೆ ಬಂತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಕೇಂದ್ರ ಶುರುವಾಯಿತು. ಅದು ಈಗಲೂ ಇದೆ.

ಈ ದನದ ಮೈಯಲ್ಲಿ ಅಂಥದ್ದೇನಿದೆ? ನಮ್ಮ ಹಿಣಿಲಿನ (ಹೆಗಲ ಮೇಲೆ ಡುಬ್ಬ ಇರುವ) ದನಗಳು ಯುರೋಪಿನ ದನಗಳ ತಮ್ಮನೂ ಅಲ್ಲ, ಮಗನೂ ಅಲ್ಲ. ಸಿಂಧೂ ಬಯಲಿನ ಕಡೆ ಸುಮಾರು 8 ಸಾವಿರ ವರ್ಷದ ಹಿಂದೆ ಬೇರೆಯಾಗಿಯೇ ಪಳಗಿದವು. ಬೆವರು ಜಾಸ್ತಿ ಹರಿಯುತ್ತದೆ. ಕೂದಲು ಗಿಡ್ಡ, ನುಣುಪು. ಚರ್ಮ ಸಡಿಲ, ಅದರ ಬಣ್ಣ ಕಪ್ಪು. ಮೈ ಒಳಗಿನ ಒಲೆಯೂ ಸಣ್ಣ ಉರಿಯದ್ದು, ಅಂದರೆ ಸುಮ್ಮನಿದ್ದಾಗ ಹುಟ್ಟುವ ಶಾಖವೇ ಕಡಿಮೆ. ಉಣ್ಣಿ ಹುಳ ಕಚ್ಚಿದರೂ ಸೀಮೆ ಹಸುವಿನಷ್ಟು ಬಳಲುವುದಿಲ್ಲ. ಒಣ ಹುಲ್ಲಲ್ಲೇ ಅರಗಿಸಿ ನಿಲ್ಲುತ್ತದೆ. ಆದರೆ ದೇಸಿ ದನಕ್ಕೆ ರೋಗವೇ ಬರುವುದಿಲ್ಲ ಅಂತ ವಾಟ್ಸಾಪಿನಲ್ಲಿ ಓಡಾಡುವ ಮಾತನ್ನು ನಂಬಬೇಡಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಾಟಿ ದನಗಳೂ ಸತ್ತಿವೆ.

‘ಶುದ್ಧ ದೇಸಿ’ ಅನ್ನುವ ಇನ್ನೊಂದು ಮಾತು ಇದೆಯಲ್ಲ, ಅದರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಕೃಷ್ಣಾ ತೀರದ ಎರೆ ಭೂಮಿಗೆ ಹೋಗಿ. ಮಳೆ ಬಿದ್ದರೆ ಕಾಲು ಕಿತ್ತಿಡುವುದೇ ಕಷ್ಟದ ಆ ಅಂಟು ಮಣ್ಣಿನಲ್ಲಿ ಹಗುರ ಮೈಯ ಓಟದ ಎತ್ತಿನಿಂದ ಏನೂ ಆಗುವುದಿಲ್ಲ. ಭಾರಿ ಮೈಯ, ನಿಧಾನಕ್ಕೆ ಎಳೆಯುವ ಎತ್ತೇ ಬೇಕು. ಅದಕ್ಕಾಗಿ 19ನೇ ಶತಮಾನದ ಕೊನೆಯಲ್ಲಿ ಸಾಂಗ್ಲಿಯ ರಾಜರು ಮತ್ತು ಆ ಭಾಗದ ಇತರ ಸಂಸ್ಥಾನದವರು ಗುಜರಾತಿನ ಗಿರ್, ಕಾಂಕ್ರೇಜ್, ಆಂಧ್ರದ ಓಂಗೋಲ್ ಹೋರಿಗಳನ್ನು ತರಿಸಿ ಸ್ಥಳೀಯ ದನದ ಜೊತೆ ಬೆರೆಸಿದರು. ಹಾಗೆ ಹುಟ್ಟಿದ್ದೇ ಕೃಷ್ಣಾ ಕಣಿವೆ ತಳಿ. ಪೂರಾ ಮಿಶ್ರತಳಿ! ಆದರೂ ಅದನ್ನು ಆ ಮಣ್ಣಿನದ್ದಲ್ಲ ಅನ್ನಲು ಆಗುತ್ತದೆಯೇ? ಆ ಹೊಲವೇ ಕೇಳಿ ಮಾಡಿಸಿಕೊಂಡ ಎತ್ತು ಅದು.

ರಾಗಿಯದ್ದೂ ಇದೇ ಕತೆ. ಮುದ್ದೆ ನಮ್ಮದು, ರಾಗಿ ಹುಟ್ಟಿದ್ದು ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನಾಡಿನಲ್ಲಿ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು, ಕೆಂಪು ಮಣ್ಣಿಗೂ ತಪ್ಪಿ ಬರುವ ಮಳೆಗೂ ಒಗ್ಗಿ ನೂರಾರು ಬಗೆಯಾಯಿತು. 1970ರ ದಶಕದಲ್ಲಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಸಿ.ಎಚ್. ಲಕ್ಷ್ಮಣಯ್ಯನವರು ದೂರ ಉಳಿದಿದ್ದ ಈ ನೆಂಟರನ್ನು ಮತ್ತೆ ಬೀಗರು ಮಾಡಿದರು. ಇಲ್ಲಿನ ರಾಗಿಗೆ ಆಫ್ರಿಕದ ರಾಗಿಯನ್ನು ಬೆರೆಸಿದ್ದು, ಅದಕ್ಕೇ ಹೆಸರು ಇಂಡಾಫ್. ತೆನೆ ದೊಡ್ಡದಾಯಿತು, ಇಳುವರಿ ಏರಿತು. ಆಫ್ರಿಕದ ಬಗೆಗಳು ಅಲ್ಲಿ ಉಳಿದಿದ್ದಕ್ಕೆ, ಇಲ್ಲಿನವು ಇಲ್ಲಿ ಉಳಿದಿದ್ದಕ್ಕೆ ಈ ಬೆರಕೆ ಸಾಧ್ಯವಾಯಿತು. ಒಂದೇ ಬಗೆ ಇದ್ದಿದ್ದರೆ ಬೆರೆಸುವುದಕ್ಕೆ ಏನಿರುತ್ತಿತ್ತು? ಆಮೇಲೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಿಂದ ಬೆಂಕಿ ರೋಗ ತಡೆಯುವ ಜಿಪಿಯು-28 ಎಂಬ ರಾಗಿ ಬಂತು. ಎಷ್ಟು ಚೆನ್ನಾಗಿ ಬೆಳೆಯಿತೆಂದರೆ ರಾಗಿ ಸೀಮೆಯ ಬಹುಪಾಲು ಹೊಲ ಅದರದ್ದೇ ಆಯಿತು. ರೈತರ ದೃಷ್ಟಿಯಿಂದ ಇದು ಗೆಲುವೇ. ಆದರೆ ಅಷ್ಟೂ ಹೊಲಕ್ಕೆ ಒಂದೇ ರಾಗಿ ಅನ್ನುವುದು ಎದೆ ಸ್ವಲ್ಪ ಡವಗುಟ್ಟಿಸುವ ಸಂಗತಿ, ಅಲ್ವಾ?

ದನದ ಕತೆಗೆ ವಾಪಸ್ ಬರೋಣ. ಹಾಲಿಗಾಗಿ ತಳಿ ಬೆರೆಸುವ ಪ್ರಯೋಗ ಬ್ರಿಟಿಷರ ಕಾಲದಲ್ಲೇ ಶುರುವಾಗಿತ್ತು. ಬೆಂಗಳೂರಿನ ಆಡುಗೋಡಿ ಹತ್ತಿರದ ಇಂಪೀರಿಯಲ್ ಡೈರಿ ಸಂಸ್ಥೆಗೆ 1927ರಲ್ಲಿ ಗಾಂಧೀಜಿಯೂ ಬಂದು ಕೆಲವು ದಿನ ಹೈನುಗಾರಿಕೆ ಕಲಿತಿದ್ದರು. ಸ್ವಾತಂತ್ರ್ಯ ಬಂದ ಮೇಲೆ 1960ರ ದಶಕದಿಂದ ವೇಗ ಹೆಚ್ಚಿತು. ವಿದೇಶಿ ಹಾಲಿನ ತಳಿಗಳಲ್ಲಿ ಜರ್ಸಿ ಬಂತು, ಎಚ್‌ಎಫ್ ಬಂತು, ಹೆಸರಘಟ್ಟದಲ್ಲಿ ವೀರ್ಯ ಹೆಪ್ಪುಗಟ್ಟಿಸಿ ಇಡುವ ಕೇಂದ್ರ ಬಂತು. ಬೆದೆಗೆ ಬಂದ ಹಸುವಿಗೆ ಹೋರಿ ಹುಡುಕುವ ಬದಲು ‘ಇಂಜೆಕ್ಷನ್ ಕೊಡಿಸುವುದು’ ರೂಢಿಯಾಯಿತು. 1961ರ ಜಾನುವಾರು ಅಭಿವೃದ್ಧಿ ಕಾಯಿದೆ ಬೀಜದ ಹೋರಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು ಅಂದಿತು. ಲೈಸೆನ್ಸ್ ಸಿಗದ ಹೋರಿಗೆ ಬೀಜ ಒಡೆಸಬೇಕು. ಕಳಪೆ ಹೋರಿ ಬೆರೆಯಬಾರದು ಅನ್ನುವುದು ಉದ್ದೇಶ. ಆದರೆ ಯಾವುದು ಕಳಪೆ ಅಂತ ತೀರ್ಮಾನಿಸುವ ಹಕ್ಕು ಜಾತ್ರೆಯಿಂದ ಕಚೇರಿಗೆ ಹೋಯಿತು.

ಇದನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಡೈರಿಗೆ ದಿನಕ್ಕೆರಡು ಸಲ ಹಾಕುವ ಹಾಲಿನ ಬಟವಾಡೆಯಲ್ಲಿ ಮಕ್ಕಳ ಫೀಸು ಕಟ್ಟಿದ ಮನೆಗಳು ಮಂಡ್ಯ, ಕೋಲಾರ, ಹಾಸನದ ತುಂಬ ಇವೆ. ಅವರಿಗೆ ಒಂದೂವರೆ ಲೀಟರಿನ ಹಸು ಕಟ್ಟಿಕೊಳ್ಳಿ ಅನ್ನಲು ಯಾವ ಬಾಯಿ ಬೇಕು? ನಮ್ಮ ಭಾಗದ ತಳಿಗಳನ್ನು ಜಾಸ್ತಿ ಹೊಡೆದದ್ದು ಜರ್ಸಿಯಲ್ಲ, ಟ್ರ್ಯಾಕ್ಟರ್ ಅಂತ ನನ್ನ ಲೆಕ್ಕ. ಅಮೃತ ಮಹಲ್, ಹಳ್ಳಿಕಾರ್, ಕಿಲಾರಿ, ಕೃಷ್ಣಾ ಕಣಿವೆ ಎಲ್ಲ ಎತ್ತಿಗಾಗಿಯೇ ರೂಪಾದವು. ಹೋರಿಗರು ಹುಟ್ಟಿದರೆ ಸಂಭ್ರಮಪಡುತ್ತಿದ್ದ ಮನೆಯಲ್ಲಿ ಈಗ ಅದು ಖರ್ಚಿನ ಬಾಬ್ತು. 2019ರ ಜಾನುವಾರು ಗಣತಿಯಲ್ಲಿ ದೇಶದ ದೇಸಿ ದನ 2012ಕ್ಕಿಂತ ಶೇ 6ರಷ್ಟು ಕಡಿಮೆಯಾಗಿತ್ತು. ವಿದೇಶಿ ಮತ್ತು ಮಿಶ್ರತಳಿ ಶೇ 27ರ ಹತ್ತಿರ ಏರಿತ್ತು.

ಮಲೆನಾಡು ಗಿಡ್ಡಕ್ಕೆ ರಾಜನೂ ಇರಲಿಲ್ಲ, ಇಲಾಖೆಯೂ ಇರಲಿಲ್ಲ. ತಳಿ ಅಂತ ಅದಕ್ಕೆ ಸರ್ಕಾರಿ ಮಾನ್ಯತೆ ಸಿಕ್ಕಿದ್ದೇ 2012ರಲ್ಲಿ. ಅಲ್ಲಿಯತನಕ ಅದು ಬರೀ ‘ಊರ ದನ’. ಸೊಂಟದೆತ್ತರದ ಈ ದನ ಗುಡ್ಡ ಹತ್ತಿ ಮೇಯ್ದು, ಜಡಿಮಳೆಯಲ್ಲಿ ನೆನೆದು ಸಂಜೆ ತಾನೇ ಕೊಟ್ಟಿಗೆಗೆ ಬರುತ್ತಿತ್ತು. ಅಡಿಕೆ ತೋಟದವರಿಗೆ ಹಾಲಿಗಿಂತ ಅದರ ಗೊಬ್ಬರ ಮುಖ್ಯ. ಕೊಟ್ಟಿಗೆಗೆ ಸೊಪ್ಪು ತಂದು ಹಾಸುವ ಕೈಗಳು ಬೆಂಗಳೂರಿಗೆ ಹೋದ ಮೇಲೆ ದನವೂ ಕಡಿಮೆಯಾಯಿತು.

ಈಗ ಉಳಿಸುವ ಮಾತು ಎಲ್ಲ ಕಡೆ ಇದೆ. ವೀರ್ಯದ ಕಡ್ಡಿಗಳು ದ್ರವ ಸಾರಜನಕದಲ್ಲಿ ಭದ್ರವಾಗಿವೆ. ಇರಲಿ, ಅದೂ ಬೇಕು. ಆದರೆ ಅಮೃತ ಮಹಲನ್ನು ಅಮೃತ ಮಹಲ್ ಮಾಡಿದ್ದು ಕಾವಲು. ಒಂದು ಕಾಲಕ್ಕೆ 4 ಲಕ್ಷ ಎಕರೆಯ ಆಸುಪಾಸು ಇದ್ದ ಕಾವಲುಗಳಲ್ಲಿ ಈಗ ಕಾಲುಭಾಗವೂ ಇಲ್ಲ. ಸಾಗುವಳಿಗೆ ಹೋಯಿತು, ನಿವೇಶನಕ್ಕೆ ಹೋಯಿತು, ನೀಲಗಿರಿ ನೆಡುತೋಪಿಗೂ ಹೋಯಿತು. ಹುಲ್ಲುಗಾವಲು ಅಂದರೆ ಕಂದಾಯದ ಕಣ್ಣಿಗೆ ‘ಖಾಲಿ ಜಾಗ’. 2009ರ ನಂತರ ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10 ಸಾವಿರ ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯ್ದು ಬದುಕಿದ್ದವರು ಪ್ರತಿಭಟಿಸಿದರು. ವಿಷಯ ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ಯೋಜನೆ ನಿಲ್ಲಲಿಲ್ಲ. ಇದಕ್ಕೆ ಎದುರಾಗಿ ಕಡೂರು ತಾಲ್ಲೂಕಿನ ಬಾಸೂರು ಕಾವಲಿದೆ. ಕೃಷ್ಣಮೃಗಗಳಿರುವ ಆ ಹುಲ್ಲುಗಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ದನ ಮತ್ತು ಜಿಂಕೆ ಒಂದೇ ಬಯಲಲ್ಲಿ ಮೇಯುತ್ತವೆ.

ಅಮೃತ ಮಹಲ್ ಹೋರಿಗರುಗಳನ್ನು ಈಗಲೂ ಬೀರೂರಿನಲ್ಲಿ ಹರಾಜು ಹಾಕುತ್ತಾರೆ. ಶಿವಮೊಗ್ಗ, ದಾವಣಗೆರೆ, ಹಾವೇರಿ ಕಡೆಯವರು ಪೈಪೋಟಿ ಮೇಲೆ ಕೂಗುತ್ತಾರೆ. ಉಳುವುದಕ್ಕೆ ಕೊಳ್ಳುವವರು ಇದ್ದಾರೆ. ಹಾವೇರಿ ಸೀಮೆಯ ಹೋರಿ ಹಬ್ಬಕ್ಕೆ ಅಂತ ಕೊಳ್ಳುವವರೂ ಇದ್ದಾರೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಜನರ ನಡುವೆ ಸೀಳಿಕೊಂಡು ಓಡುವ ಆ ಹೋರಿಯ ಕಾಲಲ್ಲಿ ಇರುವುದು ತೋಪು ಎಳೆದ ಎತ್ತಿನ ವೇಗವೇ. ಹರಾಜಿನಲ್ಲಿ ಕೂಗು ಮುಗಿದ ಮೇಲೆ ಹೊಸ ಯಜಮಾನರು ಅದನ್ನು ಲಾರಿ ಹತ್ತಿಸಲು ಪಡುವ ಪಾಡು ನೋಡಬೇಕು. ನಾಲ್ಕು ಜನ ಹಗ್ಗ ಹಿಡಿದರೂ ಕಾವಲಲ್ಲಿ ಬೆಳೆದ ಕರು ಒಂದು ಹೆಜ್ಜೆ ಮುಂದೆ ಇಡುವುದಿಲ್ಲ.