ಸಾವು ನಡೆದ ಜಾಗಕ್ಕೆ ಟೂರ್ ಹೋಗೋ ನಾವು: ಚಿಕ್ಕಬೆಟ್ಟ, ಹಳೇಬೀಡು, ಶೆಟ್ಟಿಹಳ್ಳಿ

ಮಳೆ ಜೋರಾಗಿ ಗೊರೂರು ಡ್ಯಾಮ್ ತುಂಬೋಕೆ ಶುರುವಾಯ್ತು ಅಂದ್ರೆ ಸಾಕು, ಶೆಟ್ಟಿಹಳ್ಳಿ ರಸ್ತೆಯಲ್ಲಿ ಬೆಂಗಳೂರು ರಿಜಿಸ್ಟ್ರೇಷನ್ ಕಾರುಗಳ ಸಾಲು. ಅರ್ಧ ಮುಳುಗಿದ ಚರ್ಚ್ ಮುಂದೆ ಪ್ರಿ-ವೆಡ್ಡಿಂಗ್ ಶೂಟ್, ರೀಲ್ಸು, ಡ್ರೋನು. ಹಾಸನದಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸು ಇರೋ ಈ ಜಾಗ ಚೆನ್ನಾಗಿದೆ, ಅದನ್ನ ನಾನೂ ಒಪ್ತೀನಿ, ಆದ್ರೆ ಅಲ್ಲೊಂದು ಊರು ಇತ್ತು, ಜನ ಗಂಟುಮೂಟೆ ಕಟ್ಕೊಂಡು ಎದ್ದು ಹೋದ್ರು ಅನ್ನೋದನ್ನ ಬಂದವರಲ್ಲಿ ಎಷ್ಟು ಜನ ಕೇಳ್ತಾರೆ?

ಸಾವು ನೋವು ಕಂಡ ಜಾಗಗಳಿಗೆ ಜನ ಹೋಗೋದಕ್ಕೆ ಈಗ ಡಾರ್ಕ್ ಟೂರಿಸಂ ಅಂತಾರೆ. 1996ರಲ್ಲಿ ಮಾಲ್ಕಮ್ ಫೋಲಿ, ಜಾನ್ ಲೆನನ್ ಅನ್ನೋ ಇಬ್ಬರು ಪ್ರೊಫೆಸರ್‌ಗಳು ಆ ಹೆಸರು ಚಾಲ್ತಿಗೆ ತಂದ್ರು. ಇದು ಸರಿಯೋ ತಪ್ಪೋ ಅನ್ನೋ ಜಗಳ ಅವಾಗಿಂದ ನಡೀತಾನೇ ಇದೆ. ನನ್ನ ಪ್ರಕಾರ ಹೋಗೋದ್ರಲ್ಲಿ ತಪ್ಪೇನೂ ಇಲ್ಲ, ನಮ್ಮ ಸೀಮೆಯವರು ಸಾವಿರದ ನಾನೂರು ವರ್ಷದಿಂದ ಹೋಗ್ತಾನೇ ಇದ್ದಾರೆ. ಆದ್ರೆ ಮೊದಲು ಸತ್ತವರ ಹೆಸರು ಕಲ್ಲಲ್ಲೇ ಇರ್ತಿತ್ತು, ಹೋದವರು ಅದನ್ನ ಓದ್ತಿದ್ರು ಇಲ್ಲಾ ಓದಿಸ್ಕೊಂಡು ಕೇಳ್ತಿದ್ರು. ಅದು ತಪ್ಪಿ ಹೋಗಿದೆ.

ಹಾಸನ ಚಿಕ್ಕಮಗಳೂರು ಕಡೆ ಯಾವ ಹಳ್ಳಿಗೆ ಹೋದ್ರೂ ಊರ ಬಾಗಿಲಲ್ಲೋ ಕೆರೆ ಏರಿ ಮೇಲೋ ಒಂದು ವೀರಗಲ್ಲು ಸಿಗುತ್ತೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಅದರ ಮೇಲೆ ಅಪ್ಸರೆಯರು ಸತ್ತ ವೀರನನ್ನ ಎತ್ಕೊಂಡು ಹೋಗೋದು, ತುದಿಯಲ್ಲಿ ಕೈಲಾಸ. ಬಹಳಷ್ಟು ಕಲ್ಲುಗಳ ಹಿಂದೆ ಇರೋದು ದೊಡ್ಡ ಯುದ್ಧ ಅಲ್ಲ, ಊರ ದನ ಹೊಡ್ಕೊಂಡು ಹೋದವರ ಹಿಂದೆ ಓಡಿ ಸತ್ತ ಯಾವುದೋ ಮನೆ ಮಗ. ಪಕ್ಕದಲ್ಲೇ ಮಾಸ್ತಿಕಲ್ಲು ಇದ್ರೆ ಗಮನ ಕೊಟ್ಟು ನೋಡಿ, ಕಂಬದಿಂದ ಹೊರಟ ಒಂದೇ ಒಂದು ತೋಳು, ಮೊಣಕೈ ಮಡಚಿ ಹಸ್ತ ಮೇಲೆತ್ತಿರುತ್ತೆ, ಕೈ ತುಂಬ ಬಳೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಗಂಡನ ಚಿತೆ ಹತ್ತಿದ ಹೆಣ್ಣಿನ ಕೈ ಅದು. ಜನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಮಾಸ್ತಮ್ಮ ಅಂತ ಕೈಮುಗೀತಾರೆ. ಅವಳು ತಾನಾಗೇ ಹತ್ತಿದ್ಲೋ ಹತ್ತಿಸಿದ್ರೋ ಅಂತ ಕಲ್ಲು ಹೇಳಲ್ಲ, ಆ ಪ್ರಶ್ನೆ ನಾವೇ ಕೇಳ್ಬೇಕು.

ಇನ್ನ ಶ್ರವಣಬೆಳಗೊಳ. ಬಂದವರೆಲ್ಲ ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನ ನೋಡಿ ಇಳಿದು ಊಟ ಮಾಡಿ ವಾಪಸ್. ಎದುರಿಗಿರೋ ಚಿಕ್ಕಬೆಟ್ಟ, ಅಂದ್ರೆ ಚಂದ್ರಗಿರಿ, ಅದನ್ನ ಹತ್ತೋರು ಕಮ್ಮಿ. ಈ ಲೇಖನಕ್ಕೆ ಬೇಕಾದ್ದು ಇರೋದೇ ಅಲ್ಲಿ. ಹಳೇ ಹೆಸರು ಕಟವಪ್ರ, ಸುಮಾರು ಕ್ರಿ.ಶ. 600ರ ಶಾಸನ ಒಂದು ಬಂಡೆ ಮೇಲಿದೆ, ಪ್ರಭಾಚಂದ್ರ ಅನ್ನೋ ಆಚಾರ್ಯರು ಇಲ್ಲೇ ದೇಹ ಬಿಟ್ಟರು, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ದಾರಿ ಹಿಡಿದ್ರು ಅಂತ ಅದರಲ್ಲಿದೆ. ಅನ್ನ ನೀರು ಹಂತ ಹಂತವಾಗಿ ಬಿಟ್ಟು ಸಾವಿಗೆ ಕಾಯೋ ಸಲ್ಲೇಖನ ವ್ರತ ಅದು. ರಾಷ್ಟ್ರಕೂಟರ ಕೊನೇ ರಾಜ ನಾಲ್ಕನೇ ಇಂದ್ರ 982ರಲ್ಲಿ ಇಲ್ಲೇ ಹೀಗೇ ತೀರಿಕೊಂಡ, ರಾಜ್ಯ ಕಳಕೊಂಡ ಮೇಲೆ. ನಂದಿಸೇನ ಅನ್ನೋ ಮುನಿಯ ಶಾಸನವಂತೂ ಕವಿತೆ: ರೂಪ, ಹಣ, ವೈಭವ ಎಲ್ಲಾ ಕಾಮನಬಿಲ್ಲು, ಮಿಂಚು, ಮಂಜಿನ ಹಾಗೆ ಬಂದು ಹೋಗ್ತವೆ ಅಂತ ಕನ್ನಡದಲ್ಲಿ ಕೆತ್ತಿಸಿದ್ದಾರೆ, ಅದೂ ಪಂಪ ಹುಟ್ಟೋದಕ್ಕೆ ಇನ್ನೂರು ವರ್ಷ ಮುಂಚೆ.

ನನ್ನ ಮನಸ್ಸಲ್ಲಿ ನಿಂತಿರೋದು ಮಾಚಿಕಬ್ಬೆ. ಶಾಂತಲೆಯ ತಾಯಿ. ಶಾಂತಲೆ ಅಂದ ತಕ್ಷಣ ನಮಗೆ ಬೇಲೂರು, ನಾಟ್ಯ, ವಿಷ್ಣುವರ್ಧನ, ಆದ್ರೆ ಅವಳು 1123ರಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿ ಚಿಕ್ಕಬೆಟ್ಟದ ಮೇಲಿದೆ, ಅಲ್ಲಿನ ಶಾಸನದಲ್ಲಿ ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡ ವಿಷಯ ಇದೆ, ಮಗಳು ಹೋದ ಮೇಲೆ ತಾಯಿ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸ ಇದ್ದು ಪ್ರಾಣ ಬಿಟ್ಟಳು ಅಂತಲೂ ಇದೆ. ರಾಣಿಯ ಅಮ್ಮ, ಮಗಳ ಸಾವು ತಡೀದೆ ಬಂದವಳು, ಬಸದಿ ಮುಂದೆ ನಿಂತು ಇಷ್ಟು ಗೊತ್ತಿದ್ರೆ ಸಾಕು, ಆ ಕಲ್ಲು ಬೇರೆ ಥರ ಕಾಣುತ್ತೆ. ಜೈನರಿಗೆ ಇದು ದುರಂತ ಅಲ್ಲ ಅನ್ನೋದನ್ನೂ ಹೇಳ್ಬೇಕು, ಅವರಿಗೆ ಅದು ವ್ರತ, ಸಮಾಧಿ ಮರಣ. 2015ರ ಆಗಸ್ಟಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನ ಆತ್ಮಹತ್ಯೆ ಅಂತ ಹೇಳಿದಾಗ ದೇಶದ ತುಂಬ ಜೈನರು ಬೀದಿಗಿಳಿದ್ರು, ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಡ್ತು. ಹಾಗಾಗಿ ಅಲ್ಲಿಗೆ ಹೋಗಿ ಅಯ್ಯೋ ಪಾಪ ಅನ್ನೋದೂ ಸರಿ ಬರಲ್ಲ.

ಈ ಶಾಸನಗಳನ್ನ ಓದಿ ಜನರ ಮುಂದೆ ಇಟ್ಟಿದ್ದು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ. ಲೂಯಿಸ್ ರೈಸ್ 1889ರಲ್ಲಿ ಬೆಳಗೊಳದ 144 ಶಾಸನ ಪ್ರಕಟಿಸಿದ್ರು, ಆರ್. ನರಸಿಂಹಾಚಾರ್ಯರು 1923ಕ್ಕೆ ಅದನ್ನ 500ಕ್ಕೆ ಏರಿಸಿದ್ರು, 1973ರ ಹೊತ್ತಿಗೆ 573. ಇಷ್ಟು ಜನ ಕಷ್ಟಪಟ್ಟು ಓದಿಟ್ಟಿದ್ದಾರೆ, ನಾವು ಬೋರ್ಡಿಗೆ ಎರಡು ಸಾಲು ಹಾಕೋಕೂ ಹಿಂದೆಮುಂದೆ ನೋಡ್ತೀವಿ.

ಹಳೇಬೀಡಲ್ಲಿ ಇನ್ನೂ ಬೇಜಾರಾಗೋದು. ಹೊಯ್ಸಳೇಶ್ವರ ದೇವಸ್ಥಾನದ ಗೈಡ್‌ಗಳು 1311ರ ಮಲಿಕ್ ಕಾಫರ್ ದಾಳಿ, ಆಮೇಲೆ ತುಘಲಕ್ ಸೈನ್ಯ, ಇದನ್ನೆಲ್ಲ ಚೆನ್ನಾಗೇ ಹೇಳ್ತಾರೆ. ಆದ್ರೆ ದಕ್ಷಿಣದ ಕಡೆ ಒಂದು ಕಂಬ ಇದೆ, ಗರುಡ ಕಂಬ, ಹೆಚ್ಚಿನವರು ಅದರ ನೆರಳಲ್ಲಿ ನಿಂತು ನೀರು ಕುಡಿದು ಮುಂದೆ ಹೋಗ್ತಾರೆ. ಹತ್ತಿರ ಹೋಗಿ ತಲೆ ಎತ್ತಿ ನೋಡಿ, ಸುತ್ತ ಸಣ್ಣ ಸಣ್ಣ ವೀರರು, ಕೈಯಲ್ಲಿ ಕತ್ತಿ, ಆ ಕತ್ತಿ ಶತ್ರು ಮೇಲೆ ಅಲ್ಲ, ತಮ್ಮದೇ ಕುತ್ತಿಗೆ ಮೇಲೆ. ಒಬ್ಬ ತನ್ನ ತಲೆಯನ್ನ ತಾನೇ ಕಡಿದುಕೊಳ್ತಿದ್ದಾನೆ. ಈ ಕಂಬ ಕುವರ ಲಕ್ಷ್ಮನ ನೆನಪಿನದು, ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ, ದೊರೆ ಸತ್ತರೆ ತಾನೂ ಸಾಯ್ತೀನಿ ಅಂತ ಆಣೆ ಇಟ್ಟವನು. ಹೀಗೆ ಆಣೆ ಇಟ್ಟವರನ್ನ ಗರುಡರು ಅಂತಿದ್ರು. ಬಲ್ಲಾಳ 1220ರಲ್ಲಿ ತೀರಿಕೊಂಡಾಗ ಲಕ್ಷ್ಮ, ಹೆಂಡತಿ ಸುಗ್ಗಲದೇವಿ, ಅವರ ಜೊತೆಗಿದ್ದ ವೀರರು ಆಣೆ ಉಳಿಸ್ಕೊಂಡ್ರು. ಶಾಸನದಲ್ಲಿ ಸಾವಿರ ವೀರರ ಮಾತಿದೆ. ವಿಚಿತ್ರ ಅಂದ್ರೆ ಆ ಶಾಸನ ಪೂರ್ತಿಯಾಗಿಲ್ಲ, ನಡುವೆ ನಿಂತು ಹೋಗಿದೆ.

ಇದನ್ನ ಸ್ವಾಮಿನಿಷ್ಠೆ ಅಂತ ಹೊಗಳಿ ಬಿಡೋದು ಸುಲಭ. ಆದ್ರೆ ಸುಗ್ಗಲದೇವಿಗೆ ಬೇರೆ ದಾರಿ ಇತ್ತಾ, ಆ ಸಾವಿರ ಜನರ ಮನೆಯಲ್ಲಿ ಆಮೇಲೆ ಏನಾಯ್ತು ಅಂತ ಯೋಚನೆ ಮಾಡಿದ್ರೆ ಎದೆ ಭಾರ ಆಗುತ್ತೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಯುನೆಸ್ಕೋ ಪಟ್ಟ ಸಿಕ್ಕಿದ ಮೇಲೆ ಹೊರಗಿನಿಂದ ಬರೋರ ಸಂಖ್ಯೆ ಹೆಚ್ಚೇ ಆಗುತ್ತೆ, ಅವರಿಗೆ ಕೆತ್ತನೆ ಜೊತೆ ಈ ಸಾವುಗಳನ್ನೂ ಹೇಳ್ಬೇಕು.

ನೋಡೋಕೆ ಅಂತಲೇ ಹೋಗೋ ಚಟ ಹೊರಗಡೆ ಯಾವಾಗ ಬಂತು ಅಂದ್ರೆ, ಯುರೋಪಲ್ಲಿ ಪಾಂಪೇ ಉತ್ಖನನ 1748ರಲ್ಲಿ ಶುರುವಾದ ಮೇಲೆ ಶ್ರೀಮಂತರು ಬೂದಿಯಲ್ಲಿ ಸತ್ತವರ ಊರು ನೋಡೋಕೆ ಹೋಗ್ತಿದ್ರು, 1815ರ ವಾಟರ್ಲೂ ಯುದ್ಧ ಮುಗಿದ ಬೆನ್ನಲ್ಲೇ ರಣರಂಗಕ್ಕೆ ಜನ ಬಂದ್ರು. ನಮ್ಮ ಪಕ್ಕದ ಶ್ರೀರಂಗಪಟ್ಟಣ ವಾಟರ್ಲೂಗಿಂತ ಮುಂಚೆ, 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಇಂಗ್ಲಿಷರಿಗೆ ಅದು ತಮ್ಮ ಗೆಲುವು ನೋಡೋ ಜಾಗ ಆಯ್ತು, ಟಿಪ್ಪು ಹೆಣ ಸಿಕ್ಕಿದ ಜಾಗಕ್ಕೆ ಕಲ್ಲು ಇವತ್ತಿಗೂ ಇದೆ. ಗೆದ್ದವನು ನೆಟ್ಟ ಕಲ್ಲಿಗೂ ಸತ್ತವನ ಊರವರು ನೆಟ್ಟ ಕಲ್ಲಿಗೂ ಬಹಳ ವ್ಯತ್ಯಾಸ ಇದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಯೋಚನೆ ಬದಲಾಯ್ತು. ಸುಮಾರು 11 ಲಕ್ಷ ಜನರನ್ನ ಕೊಂದ ಆಶ್ವಿಟ್ಜ್ 1947ರಲ್ಲೇ ಮ್ಯೂಸಿಯಂ ಆಯ್ತು, ಬದುಕಿ ಬಂದ ಕೈದಿಗಳೇ ಮುಂದೆ ನಿಂತು ಮಾಡಿಸಿದ್ದು, ಜನ ಮರೀಬಾರದು ಅಂತ. ನಮ್ಮಲ್ಲಿ ಜಲಿಯನ್‌ವಾಲಾ ಬಾಗ್ ಇದೆ, 2021ರಲ್ಲಿ ಅದನ್ನ ರಿಪೇರಿ ಮಾಡಿ ಆ ಇಕ್ಕಟ್ಟು ಓಣಿಯ ಗೋಡೆಗೆ ಶಿಲ್ಪಗಳನ್ನ ಕೂರಿಸಿದಾಗ ಇತಿಹಾಸಕಾರರು ಬೈದ್ರು. ಡಯರ್ ಸೈನಿಕರು ನಡೆದು ಬಂದ ದಾರಿ ಅದು, ಅದರ ಇಕ್ಕಟ್ಟೇ ಸಾಕ್ಷಿ. ಇಲ್ಲೂ ಅದೇ ಭಯ ನನಗೆ, ಅಭಿವೃದ್ಧಿ ಅಂದ್ರೆ ಲೈಟು, ಸೆಲ್ಫಿ ಪಾಯಿಂಟು, ಟೈಲ್ಸು ಅಷ್ಟೇ ಆಗಿಬಿಡುತ್ತೆ.

ಶೆಟ್ಟಿಹಳ್ಳಿದು ಬೇರೆ ಥರದ ಕಥೆ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್ ಅದು. ಹೇಮಾವತಿಗೆ ಗೊರೂರಲ್ಲಿ ಅಣೆಕಟ್ಟು ಕಟ್ಟಿದ್ರು, 1979ಕ್ಕೆ ಕೆಲಸ ಮುಗೀತು, 37 ಟಿಎಂಸಿ ನೀರು ನಿಲ್ಲುತ್ತೆ. ಹೊಲ, ಮನೆ, ಚರ್ಚು ಹಿನ್ನೀರಿಗೆ ಸೇರಿದ್ವು, ಜನ ಬೇರೆ ಕಡೆ ಹೋಗಿ ನೆಲೆಸಿದ್ರು. ಆ ನೀರಿಂದ ಎಷ್ಟೋ ಜಮೀನು ಹಸಿರಾಗಿದೆ, ಅದನ್ನ ಅಲ್ಲಗಳೆಯೋಕಾಗಲ್ಲ. ಆದ್ರೆ ವರ್ಷ ವರ್ಷ ನೀರು ಏರಿ ಇಳಿದು ಗೋಡೆ ಸವೀತಾ ಇದೆ, ಕಲ್ಲು ಬೀಳ್ತಾ ಇದೆ, ಅದರ ಕೆಳಗೇ ನಿಂತು ಫೋಟೋ ತೆಗೆಸ್ಕೋತಾರೆ, ಬಿಯರ್ ಬಾಟ್ಲಿ ಒಡೆದು ಹೋಗ್ತಾರೆ. ದೆವ್ವದ ಚರ್ಚ್ ಅಂತ ವಿಡಿಯೋ ಮಾಡೋರೂ ಇದ್ದಾರೆ. ಅಪ್ಪ ಅಮ್ಮನ ಮದುವೆ ಆದ ಚರ್ಚ್ ಅದು ಅನ್ನೋ ಮನೆಗಳು ಇದೇ ಜಿಲ್ಲೆಯಲ್ಲಿವೆ, ಅವರಿಗೆ ಅದು ಹೇಗೆ ಕೇಳಿಸ್ಬೇಡ?

ಚಿಕ್ಕಬೆಟ್ಟದ ಸಾವುಗಳಿಗೆ ಶಾಸನ ಇದೆ, ಗರುಡರಿಗೆ ಅರ್ಧ ಶಾಸನವಾದ್ರೂ ಇದೆ. ಮುಳುಗಿದ ಹಳ್ಳಿಗಳ ವಿಷಯ ಇರೋದು ಜನರ ನೆನಪಲ್ಲಿ. ಊರು ಬಿಡೋವಾಗ ಇಪ್ಪತ್ತು ವರ್ಷ ಇದ್ದವರಿಗೆ ಈಗ ಅರವತ್ತೈದು, ಎಪ್ಪತ್ತು ದಾಟಿದೆ. ಹಾಸನದ ಕಾಲೇಜು ಹುಡುಗ ಹುಡುಗೀರು ವೀಕೆಂಡಲ್ಲಿ ಅಲ್ಲಿಗೆ ಹೋಗೋದಂತೂ ಇದ್ದೇ ಇದೆ, ಅದೇ ಫೋನ್ ತಗೊಂಡು ಸುತ್ತಲಿನ ಊರುಗಳಲ್ಲಿ ಅಂಥ ಅಜ್ಜ ಅಜ್ಜಿ ಇದ್ದಾರಾ ಅಂತ ವಿಚಾರಿಸ್ಲಿ, ನಿಮ್ಮ ಮನೆ ಎಲ್ಲಿತ್ತು, ಜಮೀನು ಎಷ್ಟು ಹೋಯ್ತು, ಪರಿಹಾರ ಎಷ್ಟು ಕೈಗೆ ಬಂತು, ಸಮಾಧಿಗಳನ್ನ ಏನು ಮಾಡಿದ್ರಿ ಅಂತ ಕೂತು ಕೇಳಿ ರೆಕಾರ್ಡ್ ಮಾಡ್ಲಿ. ಇನ್ನು ಹತ್ತು ವರ್ಷ ಬಿಟ್ಟು ಕೇಳೋಣ ಅಂದ್ರೆ ಹೇಳೋಕೆ ಯಾರೂ ಇರಲ್ಲ.